ಹಳದಿ ಕಣ್ಣಿನ ಮನೆಯ ದುಂಡು ಕಣಗಳು

ರಕ್ತದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಎಳೆಯಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಅದನ್ನು ಸರಿಯಾಗಿ ಎಳೆಯುವುದನ್ನು ಕಲಿಯಲು ನನಗೆ ಒಂದು ವರ್ಷದ ಮೇಲೆ ಬೇಕಾಯಿತು. ಹೊಸದಾಗಿ ಲ್ಯಾಬ್ ಕೆಲಸಕ್ಕೆ ಸೇರಿದವರು ನಮ್ಮ ಮನೆಗೆ ಬಂದು, "ಮೌಶಿ, ನಿಮ್ಮ ಕಾಲದಾಗ ಹೆಂಗಿತ್ತು, ಸ್ವಲ್ಪ ಹೇಳ್ರಿ" ಎಂದು ಕೂತಾಗ ನಾನು ಬಡ್ತಿಯ ಸುದ್ದಿ ಎತ್ತುವುದಿಲ್ಲ. ನನಗೆ ಬಡ್ತಿ ಸಿಕ್ಕದ್ದೂ ಇಲ್ಲ. ಖಾಸಗಿ ದವಾಖಾನೆಯ ಲ್ಯಾಬಿನಲ್ಲಿ ಬಡ್ತಿ ಎಂದರೆ ಹೊಸ ಸ್ಟೂಲು, ಅಷ್ಟೇ. ನಾನು ಹೇಳುವುದು ಒಂದೇ ಕಥೆ. ಅದು ನನ್ನ ಜಾಣತನದ ಕಥೆಯಲ್ಲ.

ನನ್ನ ತವರು ಭಾಲ್ಕಿಯ ಕಡೆ. ಗಂಡ ಬಸ್ ಕಂಡಕ್ಟರ್. ಅವರ ಡಿಪೋ ಬದಲಾದ ಹಾಗೆ ನನ್ನ ಲ್ಯಾಬೂ ಬದಲಾಯಿತು: ಮೊದಲು ಉದಗೀರ, ಆಮೇಲೆ ಉಮರ್ಗಾ, ಕೊನೆಗೆ ನಿಲಂಗಾ. "ನನ್ನ ಹಿಂದ ಹಿಂದ ಟಿಕೀಟಿಲ್ದ ತಿರುಗಿದಾಕಿ ನೀ ಒಬ್ಬಾಕಿನೇ" ಎಂದು ಅವರು ಈಗಲೂ ಛೇಡಿಸುತ್ತಾರೆ.

ಉದಗೀರದಲ್ಲಿ ನನಗೆ ಕೆಲಸ ಕಲಿಸಿದವರು ಹಮೀದ್ ಸಾಹೇಬರು. ಒಣಕಲು ಮೈ, ಬಾಯಲ್ಲಿ ಎಲೆ ಅಡಿಕೆ, ಕಿವಿಯ ಹಿಂದೆ ಪೆನ್ಸಿಲು. ಮೂವತ್ತು ವರ್ಷದಿಂದ ಅದೇ ಕಿಟಕಿಯ ಬಳಿ ಕೂತು ಮೈಕ್ರೋಸ್ಕೋಪ್ ನೋಡಿದ ಮನುಷ್ಯ. ಅವರಿಗೆ ಎರಡೇ ಸಿಟ್ಟು. ಸ್ಲೈಡಿನ ಮೇಲೆ ಬೆರಳಿನ ಗುರುತು ಬಿದ್ದರೆ ಒಂದು, ನೋಡದೆ ಎಣಿಸಲು ಶುರುಮಾಡಿದರೆ ಇನ್ನೊಂದು.

"ಮೊದಲ ಶಕಲ್ ನೋಡು ಬೇಟಿ, ಗಿಂತಿ ಆಮ್ಯಾಲ," ಎನ್ನುತ್ತಿದ್ದರು. "ಮನುಷ್ಯಾನ ಗುರುತು ಹಿಡೀಬೇಕಾದ್ರ ಮಾರಿ ನೋಡ್ತೀಯೋ, ಎಷ್ಟು ಮಂದಿ ಬಂದಾರಂತ ಎಣಿಸ್ತೀಯೋ?"

ನನ್ನ ಕೈಗೆ ಒಂದು ದೋಷವಿತ್ತು. ಹನಿಯನ್ನು ಎಳೆಯುವಾಗ ಅವಸರ. ಹಾಗಾಗಿ ರಕ್ತದ ಪದರ ಉದ್ದಕ್ಕೆ, ತೆಳ್ಳಗೆ ಹೋಗಿ ತುದಿಯಲ್ಲಿ ಬಾಲ ಬೆಳೆಯುತ್ತಿತ್ತು. ಇದರಿಂದ ಏನು ತೊಂದರೆ ಎಂದರೆ, ಆರೋಗ್ಯವಂತರ ಕೆಂಪು ರಕ್ತಕಣ ನಡುವೆ ತಗ್ಗಾಗಿ, ಅಂಚಿನಲ್ಲಿ ದಪ್ಪವಾಗಿರುತ್ತದೆ. ಬಣ್ಣ ಹಾಕಿ ನೋಡಿದರೆ ನಡುವೆ ಬಿಳುಪು ಕಾಣಬೇಕು. ಪದರ ತೀರ ತೆಳುವಾದ ಬಾಲದಲ್ಲಿ ಕಣಗಳು ಚಪ್ಪಟೆಯಾಗಿ ಹರಡಿ ಆ ಬಿಳುಪು ಮಾಯವಾಗುತ್ತದೆ. ಗೊತ್ತಿಲ್ಲದವರು ಅದನ್ನು ನೋಡಿ ಒಳ್ಳೆಯ ರಕ್ತಕ್ಕೂ ರೋಗ ಬರೆದುಬಿಡುತ್ತಾರೆ. ನಾನು ಮೊದಲ ತಿಂಗಳಲ್ಲೇ ಇಬ್ಬರಿಗೆ ಹಾಗೆ ಬರೆದೆ. ಅದರಲ್ಲಿ ಒಬ್ಬರು ನಮ್ಮ ದವಾಖಾನೆಯ ಡಾಕ್ಟರರ ಅತ್ತೆ.

"ನಿನ್ನ ಬಾಲದಾಗ ಎಲ್ಲಾರ ರಕ್ತಾನೂ ಬ್ಯಾನೀ ರಕ್ತನೇ!" ಎಂದು ಹಮೀದ್ ಸಾಹೇಬರು ಅಂದು ಇಡೀ ಓಣಿಗೆ ಕೇಳುವ ಹಾಗೆ ಬೈದರು. ಮುಂದೆ ಆ ಮಾತನ್ನು ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದರು. ಕೈ ಸುಧಾರಿಸಿತು, ಆದರೆ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಕಣಕ್ಕೆ ಆ ಆಕಾರ ಯಾಕೆ ಎಂದು ಅವರನ್ನು ಒಮ್ಮೆ ಕೇಳಿದೆ. ಊಟದ ಹೊತ್ತು. ನನ್ನ ಬುತ್ತಿಯಿಂದ ಒಂದು ಜೋಳದ ರೊಟ್ಟಿ ಎತ್ತಿಕೊಂಡು ನಾಲ್ಕು ಮಡಿಕೆ ಮಾಡಿ ತೋರಿಸಿದರು. "ಇದು ಮಡಚ್ತದ. ಇಷ್ಟೇ ಹಿಟ್ಟಿನ ಉಂಡಿ ಮಡಚ್ತದೇನು? ರಕ್ತದ ಕಣ ಕೂದಲಕ್ಕಿಂತ ಸಣ್ಣ ಸಂದಿಯಾಗ ಹಾಯಬೇಕು. ರೊಟ್ಟಿ ಆದ್ರ ಹಾಯ್ತದ, ಉಂಡಿ ಆದ್ರ ಸಿಕ್ಕೊಂತದ." ರೊಟ್ಟಿಯನ್ನು ಹಿಂದಿರುಗಿಸಲಿಲ್ಲ, ಪಲ್ಯ ಹಚ್ಚಿಕೊಂಡು ತಿಂದರು.

ರೊಟ್ಟಿ ಉಂಡೆಯಾಗದ ಹಾಗೆ ಹಿಡಿದಿಡುವುದು ಪ್ರೋಟೀನು ಎಂಬುದನ್ನು ಆಮೇಲೆ ಓದಿ ತಿಳಿದೆ. ನಾವು ಪ್ರೋಟೀನು ಎಂದರೆ ಬೇಳೆ, ತತ್ತಿ ಎಂದುಕೊಳ್ಳುತ್ತೇವೆ. ಆದರೆ ಕಣದ ಪೊರೆಯ ಒಳಮೈಗೆ ಪ್ರೋಟೀನಿನ ಎಳೆಗಳದೇ ಒಂದು ಬಲೆ ಇರುತ್ತದೆ. ಅದರಲ್ಲಿ ಉದ್ದನೆಯ ಎಳೆಯ ಹೆಸರು ಸ್ಪೆಕ್ಟ್ರಿನ್. ಅದನ್ನು ಪೊರೆಗೆ ಬಿಗಿಯುವ ಬೇರೆ ಪ್ರೋಟೀನುಗಳೂ ಇವೆ. ಇವುಗಳಲ್ಲಿ ಒಂದು ಹುಟ್ಟಿನಿಂದ ಕಡಿಮೆಯಾದರೂ ಪೊರೆಗೆ ಆಸರೆ ತಪ್ಪಿ, ಅದು ಚೂರುಚೂರಾಗಿ ಕಳಚಿಹೋಗುತ್ತದೆ. ಒಳಗಿನ ಸರಕು ಅಷ್ಟೇ ಇರುತ್ತದೆ, ಹೊದಿಕೆ ಮಾತ್ರ ಕಡಿಮೆಯಾಗುತ್ತದೆ. ಆಗ ಕಣಕ್ಕೆ ದುಂಡಗಾಗದೆ ಬೇರೆ ದಾರಿಯೇ ಇಲ್ಲ.

ತೊಂಬತ್ತಮೂರರಲ್ಲಿ ನಮ್ಮ ಸೀಮೆಯಲ್ಲಿ ದೊಡ್ಡ ಭೂಕಂಪವಾದಾಗ ನಾವು ಉದಗೀರದಲ್ಲೇ ಇದ್ದೆವು. ಆಮೇಲಿನ ವಾರಗಳಲ್ಲಿ ಲೋಹಾರಾದ ಕಡೆಯ ಶಿಬಿರಗಳಲ್ಲಿ ಬೆರಳು ಚುಚ್ಚಿ ರಕ್ತದ ಗುಂಪು ನೋಡುವ ಕೆಲಸ ಮಾಡಿದೆ. ಆ ದಿನಗಳ ಬಗ್ಗೆ ಬೇರೆಯವರು ಬಹಳ ಬರೆದಿದ್ದಾರೆ, ನಾನು ಬರೆಯಲಾರೆ. ದೂರದಿಂದ ಬಂದ ವೈದ್ಯರ ತಂಡವೊಂದು ಹೋಗುವಾಗ ಒಂದು ಮೈಕ್ರೋಸ್ಕೋಪ್ ಬಿಟ್ಟುಹೋಯಿತು. ಅದು ಉಮರ್ಗಾದ ಒಬ್ಬ ಖಾಸಗಿ ಡಾಕ್ಟರರಿಗೆ ಸಿಕ್ಕಿತು. ಮರುವರ್ಷ ಗಂಡನಿಗೆ ಉಮರ್ಗಾ ಡಿಪೋ ಆಯಿತು. ಡಾಕ್ಟರರ ಬಳಿ ಯಂತ್ರವಿತ್ತು, ನೋಡುವವರಿರಲಿಲ್ಲ. ನಾನು ಹೋಗಿ ಕೂತೆ.

ಡಾಕ್ಟರರು ಮರಾಠಿಯವರು. ಮಾತು ಕಡಿಮೆ, ಕೈಗುಣ ಒಳ್ಳೆಯದು, ಗಲಾಟೆ ಎಂದರೆ ಆಗದು. ಅವರ ಕಣ್ಣಿನಲ್ಲಿ ನಾನು ದೊಡ್ಡವಳಾದದ್ದು ತುರೋರಿಯ ಲಾರಿಯವನಿಂದ. ಛತ್ತೀಸಗಡದ ಕಡೆಯ ಡ್ರೈವರ್ ಒಬ್ಬ ತುರೋರಿಯ ಢಾಬಾದ ಮುಂದೆ ಲಾರಿ ನಿಲ್ಲಿಸಿ, ಕೈಕಾಲಿನ ಎಲುಬು ನೋವೆಂದು ಹೊರಳಾಡುತ್ತಿದ್ದ. ಕುಡಿದಿದ್ದಾನೆ ಎಂದು ಮಂದಿ ನಗುತ್ತಿದ್ದರಂತೆ. ಕಣ್ಣೂ ಹಳದಿ. ನನಗೆ ಏನೋ ಹೊಳೆದು ಅವನ ರಕ್ತದ ಹನಿಗೆ ಔಷಧದ ನೀರು ಬೆರೆಸಿ, ಗಾಜು ಮುಚ್ಚಿ, ಗಾಳಿ ಆಡದ ಹಾಗೆ ಅಂಚಿಗೆಲ್ಲ ನನ್ನ ಉಗುರಿನ ಬಣ್ಣ ಬಳಿದು ಇಟ್ಟೆ. ಡಾಕ್ಟರರು ಬಂದು ನೋಡಿ, ಕೆಂಪು ನೇಲ್ ಪಾಲಿಶ್ ಬಳಿದ ಸ್ಲೈಡನ್ನು ಎತ್ತಿ ಹಿಡಿದು, "ಬಾಯಿ, ಲಗ್ನಾಲಾ ನಿಘಾಲಾ ಕಾ ಹಾ?" ಎಂದರು. ಮದುವೆಗೆ ಹೊರಟಿದೆಯೇನಮ್ಮಾ ಇದು ಎಂದು ಅವರ ಕುಶಾಲು. ಚಹಾ ಕುಡಿದು ಬಂದು ನೋಡಿದರೆ ಕಣಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವು. ಅಲ್ಲಿ ಕೆಟ್ಟದ್ದು ಬಲೆಯಲ್ಲ. ಕಣದೊಳಗೆ ತುಂಬಿರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನಲ್ಲೇ ಸಣ್ಣದೊಂದು ಬದಲಾವಣೆ. ಗಾಳಿ ಕಡಿಮೆಯಾದಾಗ ಅದು ಗಟ್ಟಿ ಕಡ್ಡಿಯಾಗಿ ಕಣವನ್ನು ಬಗ್ಗಿಸುತ್ತದೆ. ಲಾರಿಯವನಿಗೆ ಸರಿಯಾದ ಚಿಕಿತ್ಸೆ ಸಿಕ್ಕಿತು. ನಗುತ್ತಿದ್ದ ಮಂದಿ ಸುಮ್ಮನಾದರು. ನನಗೆ ಸ್ವಲ್ಪ ಜಂಬ ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಕುಡುಗೋಲನ್ನು ಯಾರು ಬೇಕಾದರೂ ಗುರುತಿಸಬಹುದು. ನಮ್ಮ ಕೆಲಸದಲ್ಲಿ ಪರೀಕ್ಷೆ ಇರುವುದು ಒಳ್ಳೆಯದರ ಹಾಗೆ ಕಾಣುವ ಕೆಟ್ಟದ್ದರಲ್ಲಿ.

ಭೂಕಂಪವಾಗಿ ನಾಲ್ಕೈದು ವರ್ಷವಾಗಿತ್ತು. ಒಂದು ಗುರುವಾರ ಮಧ್ಯಾಹ್ನ, ರೋಗಿಗಳೆಲ್ಲ ಊಟಕ್ಕೆ ಹೋದ ಹೊತ್ತು ನೋಡಿ, ಚನ್ನಬಸಯ್ಯನವರು ಮಗಳನ್ನು ಕರೆದುಕೊಂಡು ಬಂದರು. ಲೋಹಾರಾದ ಆಚೆ ಹೊಸದಾಗಿ ಕಟ್ಟಿದ ಪುನರ್ವಸತಿ ಊರಿನವರು. ಜಂಗಮರ ಮನೆ, ಸುತ್ತಲ ಹತ್ತು ಹಳ್ಳಿಗೆ ಅಯ್ಯನವರು. ಹಣೆ ತುಂಬ ವಿಭೂತಿ, ಮೆಲು ಮಾತು. ಮಗಳು ಗಿರಿಜಾಗೆ ಆಗ ಹನ್ನೊಂದು ವರ್ಷ.

ಅವರನ್ನು ನಾನು ಬಲ್ಲೆ, ಆ ಸೀಮೆಯಲ್ಲಿ ಅವರನ್ನು ಬಲ್ಲದವರು ಯಾರು? ಅವರ ಮನೆಯಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಕಾಮಣಿಗೆ ಔಷಧ ಕೊಡುತ್ತಿದ್ದರು. ನೀವು ಕಾಮಾಲೆ ಎನ್ನುವುದು ನಮ್ಮ ಕಡೆ ಕಾಮಣಿ. ಯಾವುದೋ ಎಲೆಯ ರಸ, ಮಜ್ಜಿಗೆಯಲ್ಲಿ. ಕೈ ಮುಗಿದು ಕುಡಿಯಬೇಕು, ಅರಿಶಿನ, ಎಣ್ಣೆ ತಿನ್ನುವುದನ್ನು ಬಿಡಬೇಕು, ದುಡ್ಡು ಕಾಸು ಏನೂ ಕೊಡಬಾರದು. ದೂರದ ವಲಾಂಡಿಯಿಂದಲೂ ಜನ ಹೋಗುತ್ತಿದ್ದರು. ಆ ಮನೆಯಲ್ಲಿ ಒಂದು ನಂಬಿಕೆ. ಔಷಧ ಕೊಡುವವರು ಮಂದಿಯ ಹಳದಿಯನ್ನು ತಮ್ಮ ಮೈಮೇಲೆ ತೆಗೆದುಕೊಳ್ಳುತ್ತಾರೆ. ತಲೆಮಾರಿಗೊಬ್ಬರ ಕಣ್ಣಿಗೆ ಹಳದಿ ಇಳಿಯುತ್ತದೆ. ಯಾರಿಗೆ ಇಳಿಯುತ್ತದೋ ಅವರೇ ಮುಂದೆ ಔಷಧ ಕೊಡಬೇಕು. ಚನ್ನಬಸಯ್ಯನವರ ಕಣ್ಣೂ ತೆಳುವಾಗಿ ಹಳದಿ ಇತ್ತು, ಅವರ ಅಪ್ಪನದೂ ಅಜ್ಜನದೂ ಇತ್ತಂತೆ. ಈ ಸಲ ಹಳದಿ ಬಂದದ್ದು ಹುಡುಗಿಯ ಕಣ್ಣಿಗೆ. ಹೆಣ್ಣಿಗೆ ಬಂದದ್ದು ಇದೇ ಮೊದಲು ಎಂದು ಊರಿಗೆಲ್ಲ ಅಚ್ಚರಿ, ಹೆಮ್ಮೆ. ಇನ್ನೊಂದು ಕಟ್ಟಳೆಯೂ ಇತ್ತು: ಆ ಮನೆಯವರು ಕಾಮಣಿಗೆ ದವಾಖಾನೆಗೆ ಹೋಗಬಾರದು, ಹೋದರೆ ಔಷಧದ ಸತ್ವ ಹೋಗುತ್ತದೆ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಅದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಆ ಮನುಷ್ಯ ಅಂದು ಕಟ್ಟಳೆ ಮುರಿದು ಬಂದಿದ್ದರು.

"ಕಾಮಣಿಗಿ ಅಲ್ರಿ," ಎಂದರು ಕೂಡಲೇ. "ಶಕ್ತಿ ಕಡಿಮಿ ಆಗ್ಯದ ಅಂತ ಬಂದೀವಿ. ಸಾಲಿಗಿ ಹೋಗಿ ಬರೋದ್ರಾಗ ಉಬ್ಬಸ ಬರ್ತದ. ಯಾಕಂತ ಒಂದ್ಸಲ ನೋಡ್ರಿ. ಯಾರಿಗೂ ಹೇಳಬ್ಯಾಡ್ರಿ."

ಗಿರಿಜಾ ಕೈ ನೀಡಿ, ಸೂಜಿಯನ್ನೇ ನೋಡುತ್ತಾ ಕೂತಳು. ಅಳಲಿಲ್ಲ. ಸ್ಲೈಡ್ ಎಳೆದು, ಬಣ್ಣ ಹಾಕಿ, ಒಣಗಿಸಿ ನೋಡಿದೆ. ಕಣಗಳು ದುಂಡಗೆ, ಸಣ್ಣಗೆ, ಗಾಢ ಕೆಂಪಗೆ. ಬಹಳಷ್ಟರಲ್ಲಿ ನಡುವಿನ ಬಿಳುಪೇ ಇಲ್ಲ. ನನಗೆ ಹೆದರಿಕೆಯಾಯಿತು. ಹುಡುಗಿಗಾಗಿ ಅಲ್ಲ, ನನಗಾಗಿ. ನನ್ನ ಹಳೆಯ ಬಾಲ ಮತ್ತೆ ಬಂತು ಎಂದುಕೊಂಡೆ. ಇನ್ನೊಂದು ಎಳೆದೆ. ಮತ್ತೆ ದುಂಡು. ಮೂರನೆಯದನ್ನು ಉಸಿರು ಬಿಗಿಹಿಡಿದು ಎಳೆದೆ. ಅದರಲ್ಲೂ ದುಂಡೇ. ಹಮೀದ್ ಸಾಹೇಬರು ಪಕ್ಕದಲ್ಲೇ ನಿಂತು ಬೈದ ಹಾಗಾಯಿತು. ಕೊನೆಗೆ ಮೂರನೆಯ ಸ್ಲೈಡಿನಲ್ಲಿ ಅಲ್ಲಲ್ಲಿ ಹುಡುಕಿ, ನಡುವೆ ಬಿಳುಪಿದ್ದ ನಾಲ್ಕಾರು ಕಣಗಳನ್ನು ಕಂಡು ಸಮಾಧಾನ ಮಾಡಿಕೊಂಡು, ಕಾಗದದ ಮೇಲೆ ಬರೆದೆ: ರಕ್ತ ಕಡಿಮೆ, ಕಣಗಳ ಆಕಾರ ನಾರ್ಮಲ್.

ಕಂಡದ್ದನ್ನು ನಾನು ಕಾಣಲಿಲ್ಲ ಎಂದಲ್ಲ. ಕಂಡೆ, ನಂಬಲಿಲ್ಲ. ನಮ್ಮ ಕೆಲಸದಲ್ಲಿ ವಿನಯವೂ ಒಂದು ರೋಗವಾಗಬಹುದು. ಇದನ್ನು ಯಾವ ಪುಸ್ತಕವೂ ನಿಮಗೆ ಹೇಳುವುದಿಲ್ಲ.

ಡಾಕ್ಟರರು ಕಾಗದ ನೋಡಿ ಕಬ್ಬಿಣದ ಗುಳಿಗೆ, ಟಾನಿಕ್ ಬರೆದುಕೊಟ್ಟರು. ಚನ್ನಬಸಯ್ಯನವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎದೆಯ ಕಿಸೆಯಲ್ಲಿ ಇಟ್ಟುಕೊಂಡು ಹೋದರು. ಮತ್ತೆ ಬರಲಿಲ್ಲ.

ಮೂರು ವರ್ಷದ ಮೇಲೆ ಬಂದಾಗ ಗಿರಿಜಾಳನ್ನು ಎತ್ತಿಕೊಂಡು ಬಂದರು. ಹಳ್ಳಿಯಲ್ಲಿ ಮಕ್ಕಳಿಗೆಲ್ಲ ಒಂದು ಸಣ್ಣ ಜ್ವರ ಬಂದು ಹೋಗಿತ್ತು. ಉಳಿದ ಮಕ್ಕಳು ಎರಡು ದಿನಕ್ಕೆ ಆಡಲು ಹೋದರು, ಈಕೆ ಏಳಲಿಲ್ಲ. ತುಟಿ, ಉಗುರು, ಅಂಗೈ ಎಲ್ಲ ಕಾಗದದ ಹಾಗೆ ಬೆಳ್ಳಗಾಗಿದ್ದವು. ಹನ್ನೆರಡು ಇರಬೇಕಾದಲ್ಲಿ ಹಿಮೋಗ್ಲೋಬಿನ್ ಕೊಳವೆಯಲ್ಲಿ ಬಣ್ಣ ನಾಲ್ಕರ ಗೀಟನ್ನೂ ಮುಟ್ಟಲಿಲ್ಲ. ಡಾಕ್ಟರರು ಹೊಟ್ಟೆ ಒತ್ತಿ ನೋಡಿ ನನ್ನ ಕಡೆ ತಿರುಗಿದರು. ಎಡಪಕ್ಕೆಲುಬಿನ ಕೆಳಗೆ ತಿಲ್ಲಿ, ಅಂದರೆ ಪ್ಲೀಹ, ನಾಲ್ಕು ಬೆರಳು ಬೆಳೆದಿತ್ತು. ತಮ್ಮ ಜೀಪಿನಲ್ಲೇ ಸೊಲ್ಲಾಪುರಕ್ಕೆ ಕಳಿಸಿದರು. ಅಲ್ಲಿ ರಕ್ತ ಕೊಟ್ಟರು, ಹುಡುಗಿ ಉಳಿದಳು. ಹೋಗುವ ಮೊದಲು ನಾನು ಒಂದು ಸ್ಲೈಡ್ ಎಳೆದು ಇಟ್ಟುಕೊಂಡಿದ್ದೆ.

ಅದನ್ನು ನೋಡಿದೆ. ಮೂರು ವರ್ಷದ ಹಿಂದೆ ಕಂಡದ್ದೇ ಕಂಡಿತು. ಹಳೆಯ ಸ್ಲೈಡುಗಳನ್ನು ನಾನು ಕಟ್ಟಿಗೆಯ ಡಬ್ಬಿಯಲ್ಲಿ ಇಡುತ್ತಿದ್ದೆ. ಅಂದು ಎಳೆದ ಮೂರನೆಯದನ್ನು ಹುಡುಕಿ ತೆಗೆದೆ. ಹಳೆಯದು, ಹೊಸದು ಎರಡನ್ನೂ ವೃತ್ತಪತ್ರಿಕೆಯಲ್ಲಿ ಸುತ್ತಿ, ಮರುದಿನ ಬೆಳಿಗ್ಗೆ ಗಂಡನ ಬಸ್ ಹತ್ತಿ, ನಿಲಂಗಾದಲ್ಲಿ ಬಸ್ ಬದಲಿಸಿ ಉದಗೀರಕ್ಕೆ ಹೋದೆ. ದಾರಿಯುದ್ದಕ್ಕೂ ಹಮೀದ್ ಸಾಹೇಬರು, "ಇದು ನಿನ್ನ ಬಾಲ" ಎಂದು ಬೈಯಲಿ ಎಂದೇ ಬೇಡಿಕೊಂಡೆ. ಬೈದರೆ ನಾನು ತಪ್ಪು ಮಾಡಿಲ್ಲ ಎಂದಾಗುತ್ತಿತ್ತು.

ಅವರು ಎರಡೂ ಸ್ಲೈಡುಗಳನ್ನು ಬಹಳ ಹೊತ್ತು ನೋಡಿದರು. "ಇದು ನಿನ್ನ ಕೈ ಅಲ್ಲ, ಬೇಟಿ. ಇದು ರಕ್ತ," ಎಂದರು. "ಬಾಲದಾಗಿನ ಕಣ ಅಗಲ ಆಗ್ತದ, ತೆಳ್ಳಗ ಕಾಣ್ತದ. ಇದು ಸಣ್ಣದದ, ಗಾಢ ಅದ, ಸ್ಲೈಡಿನ ನಡುಮಧ್ಯಾನೂ ಅದ. ಹಳೇದ್ರಾಗೂ ಇಷ್ಟೇ ಸಾಫ್ ಕಾಣ್ತದ. ಏನಂತ ಬರದಿದ್ದಿ?"

"ನಾರ್ಮಲ್ ಅಂತ."

"ಯಾಕ?"

"ನೀವು ಬೈತಿದ್ರಲ್ರಿ, ನನ್ನ ಬಾಲದಾಗ ಎಲ್ಲಾನೂ ದುಂಡಗ ಕಾಣ್ತದಂತ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾ ಬೈದದ್ದು ನಿನ್ನ ಕೈಗಿ. ನೀ ಅದನ್ನ ಕಣ್ಣಿಗಿ ಹಚ್ಕೊಂಡಿ." ಸ್ಲೈಡುಗಳನ್ನು ಮತ್ತೆ ಕಾಗದದಲ್ಲಿ ಸುತ್ತಿಕೊಡುತ್ತಾ, "ಆ ಹುಡುಗೀ ಅಪ್ಪನ ರಕ್ತ ನೋಡು. ಇದು ಮನಿತನದಾಗ ಬರ್ತದ," ಎಂದರು. ಹಿಂದಿರುಗುವ ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ. ಗಂಡ ಬೇರೆಯವರಿಗೆ ಟಿಕೀಟು ಹರಿಯುತ್ತಾ ನನ್ನ ಸೀಟಿನ ಕಡೆ ಬರಲೇ ಇಲ್ಲ. ಅವರಿಗೆ ಅಷ್ಟು ತಿಳಿಯುತ್ತದೆ.

ಈಗ ವಿಷಯ ಹೀಗಿತ್ತು. ದುಂಡು ಕಣಗಳು ತಿಲ್ಲಿಯ ಸಂದಿಗಳಲ್ಲಿ ಸಿಕ್ಕಿಬಿದ್ದು ಒಡೆಯುತ್ತವೆ. ಬೇರೆಯವರ ಕಣ ನಾಲ್ಕು ತಿಂಗಳು ಬಾಳಿದರೆ ಇವು ಕೆಲವೇ ದಿನ. ಒಡೆದ ಕಣದಿಂದಲೇ ಕಣ್ಣಿಗೆ ಹಳದಿ, ಲಿವರಿನಿಂದಲ್ಲ. ಸಣ್ಣ ಜ್ವರಕ್ಕೆ ಎಲುಬಿನೊಳಗೆ ಹೊಸ ರಕ್ತ ತಯಾರಾಗುವುದು ಒಂದು ವಾರ ನಿಂತರೆ, ಬೇರೆಯವರಿಗೆ ಗೊತ್ತೂ ಆಗುವುದಿಲ್ಲ, ಇಂಥವರು ಸಾವಿನ ಬಾಗಿಲಿಗೆ ಹೋಗುತ್ತಾರೆ. ಸೊಲ್ಲಾಪುರದ ಡಾಕ್ಟರರು ತಿಲ್ಲಿ ತೆಗೆಸಬೇಕು ಎಂದರು. ಚನ್ನಬಸಯ್ಯನವರು ಆಗುವುದಿಲ್ಲ ಎಂದು ಮಗಳನ್ನು ಊರಿಗೆ ಕರೆತಂದರು. ಮತ್ತೊಂದು ಜ್ವರ ಬಂದು, ಜೀಪು ಸಿಗದಿದ್ದರೆ ಗಿರಿಜಾ ಉಳಿಯುತ್ತಿರಲಿಲ್ಲ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಉಮರ್ಗಾದ ನಮ್ಮ ಡಾಕ್ಟರರು ಎರಡು ಸಲ ಹೇಳಿ ಕಳಿಸಿ ಸುಮ್ಮನಾದರು. ನನ್ನ ಹಳೆಯ ತಪ್ಪನ್ನು ಅವರಿಗೆ ಹೇಳಿದಾಗಲೂ, "ಕಶಾಲಾ ಉಕರೂನ ಕಾಢತಾ, ಬಾಯಿ?" ಎಂದರು. ಯಾರೂ ಕೇಳದಿರುವಾಗ ಯಾಕೆ ಕೆದಕುತ್ತೀರಿ ಎಂದು. ಆ ಮಾತು ನನಗೆ ಹಿತವಾಗಿಯೇ ಕೇಳಿತು. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ನಾನೇ ಲೋಹಾರಾದ ಬಸ್ ಹಿಡಿದು ಅವರ ಊರಿಗೆ ಹೋದೆ. ಅಗಲ ರಸ್ತೆ, ಒಂದೇ ನಮೂನೆಯ ಮನೆಗಳು, ನಂಬರಿನಿಂದ ಗುರುತು. ಕಟ್ಟೆಯ ಮೇಲೆ ಗಿರಿಜಾ ಗೋಡೆಗೆ ಒರಗಿ ಕೂತಿದ್ದಳು. ತಿಲ್ಲಿ ತೆಗೆಸಿದರೆ ಹಳದಿಯೂ ಹೋಗುತ್ತದೆ, ಹುಡುಗಿಯೂ ಉಳಿಯುತ್ತಾಳೆ ಎಂದು ಅವಳ ಅಪ್ಪನಿಗೆ ಹೇಳಿದೆ.

"ಹಳದಿ ತಗಸಂದ್ರ ನಾ ಹೆಂಗ ತಗಸಲಿ?" ಎಂದರು ಚನ್ನಬಸಯ್ಯನವರು. "ನಮ್ಮ ಅಜ್ಜ ಹೊತ್ತ, ಅಪ್ಪ ಹೊತ್ತ, ನಾ ಹೊತ್ತೀನಿ. ಈಗ ಆಕಿಗಿ ಬಂದದ. ಅದು ಬ್ಯಾನಿ ಅಲ್ರಿ, ಗುರುತು."

"ಯಪ್ಪಾ, ನಿಮ್ಮ ರಕ್ತ ಒಂದ್ಸಲ ನನಗ ಕೊಡ್ರಿ. ಗುರುತು ಹೌದೋ ಅಲ್ಲೋ ನಿಮ್ಮ ಕಣ್ಣಿಲೆ ನೀವೇ ನೋಡ್ರಿ. ನಾ ಏನೂ ಹೇಳಂಗಿಲ್ಲ."

ಮುಂದಿನ ವಾರ ಬಂದರು. ಹನ್ನೆರಡು ಗಾಜಿನ ಕೊಳವೆಗಳನ್ನು ಸಾಲಾಗಿಟ್ಟು ಉಪ್ಪುನೀರು ತುಂಬಿದೆ. ಮೊದಲನೆಯದರಲ್ಲಿ ಉಪ್ಪು ರಕ್ತದಷ್ಟೇ, ಮುಂದೆ ಮುಂದೆ ಸಪ್ಪೆ. ಇನ್ನೊಂದು ಸಾಲನ್ನೂ ಹಾಗೇ ಇಟ್ಟೆ. ಒಂದು ಸಾಲಿಗೆ ಅವರ ರಕ್ತದ ಹನಿ, ಇನ್ನೊಂದಕ್ಕೆ ನನ್ನದು. ನೀರು ಸಪ್ಪೆಯಾದಷ್ಟೂ ಕಣ ನೀರು ಕುಡಿದು ಉಬ್ಬುತ್ತದೆ. ತಗ್ಗಿರುವ ಕಣಕ್ಕೆ ಉಬ್ಬಲು ಜಾಗವಿದೆ. ಆಗಲೇ ದುಂಡಗಿರುವುದಕ್ಕೆ ಇಲ್ಲ, ಒಡೆಯುತ್ತದೆ. ಅರ್ಧ ಗಂಟೆ ಕಾದೆವು. ನನ್ನ ಸಾಲಿನಲ್ಲಿ ಆರನೆಯ ಕೊಳವೆಯವರೆಗೂ ಮೇಲೆ ತಿಳಿನೀರು, ತಳದಲ್ಲಿ ಕೆಂಪು. ಅವರ ಸಾಲಿನಲ್ಲಿ ಮೂರನೆಯದೇ ಕೆಂಪಗಾಗಿತ್ತು.

ಅವರು ಬಗ್ಗಿ ಎರಡೂ ಸಾಲುಗಳನ್ನು ನೋಡಿದರು. ಮತ್ತೆ ಮೊದಲಿನಿಂದ ನೋಡಿದರು.

"ಇದು ನಂದು?"

"ಹೌದ್ರಿ. ನೀವು ಗಟ್ಟಿ ಇದ್ದೀರಿ, ಅದಕ್ಕ ತಡಕೊಂಡೀರಿ. ಗಿರಿಜಾಂದು ಇದಕ್ಕಿಂತ ನಾಜೂಕ ಅದ."

"ಅಪ್ಪಂದೂ ಅಜ್ಜಂದೂ ಹಿಂಗೇ ಇತ್ತೇನು?"

"ಇದ್ದಿರಬೇಕ್ರಿ."

"ಹಂಗಾದ್ರ ಮಂದೀ ಹಳದಿ ನಾವು ತೊಗೊಂಡಿಲ್ಲ." ಇದನ್ನು ಅವರು ನನ್ನನ್ನು ಕೇಳಲಿಲ್ಲ. ತಮಗೇ ಹೇಳಿಕೊಂಡರು. ಮೂರು ತಲೆಮಾರಿನ ಒಂದು ಮರ್ಯಾದೆಯನ್ನು ನಾನು ಹನ್ನೆರಡು ಕೊಳವೆಯಲ್ಲಿ ಕರಗಿಸಿದ್ದೆ. ಆಮೇಲೆ ಅವರು ಎದ್ದು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, "ಸೊಲ್ಲಾಪುರಕ್ಕ ಯಾವ ದಿನ ಕರಕೊಂಡು ಹೋಗಲಿ?" ಎಂದರು.

ಇಲ್ಲೇ ಯಂತ್ರದ ಮಾತು ಹೇಳಿಬಿಡುತ್ತೇನೆ, ಆಮೇಲೆ ಮರೆತೇನು. ನಾನು ನಿಲಂಗಾಕ್ಕೆ ಬಂದ ಮೇಲೆ ರಕ್ತ ಎಣಿಸುವ ಯಂತ್ರ ಬಂತು. ಒಂದು ಕಡೆ ರಕ್ತ ಹೀರಿ ಇನ್ನೊಂದು ಕಡೆ ಚೀಟಿ ಕಕ್ಕುತ್ತದೆ. ಬಹಳ ಒಳ್ಳೆಯದು, ನನ್ನ ಬೆನ್ನು ನೋವು ಅರ್ಧ ಕಡಿಮೆಯಾಯಿತು. ಇಂಥ ದುಂಡು ಕಣ ಬಂದಾಗ ಯಂತ್ರವೂ ಸುಳಿವು ಕೊಡುತ್ತದೆ: ಕಣದೊಳಗಿನ ಹಿಮೋಗ್ಲೋಬಿನ್ ತೀರ ಒತ್ತಾಗಿದೆ ಎಂದು ಒಂದು ಅಂಕಿ ಮೇಲೇರುತ್ತದೆ. ಜೊತೆಗಿದ್ದ ಒಬ್ಬರು ಅಂಥ ಅಂಕಿ ಬಂದಾಗಲೆಲ್ಲ, ಯಂತ್ರ ಕೆಟ್ಟಿದೆ ಎಂದು ತೊಳೆದು ಮತ್ತೆ ಓಡಿಸುತ್ತಿದ್ದರು. ನಾನು ನಗಲಿಲ್ಲ. ನಾನು ನನ್ನ ಕೈ ಕೆಟ್ಟಿದೆ ಎಂದುಕೊಂಡೆ, ಅವರು ಯಂತ್ರ ಕೆಟ್ಟಿದೆ ಎಂದುಕೊಂಡರು. ರಕ್ತ ಕೆಟ್ಟಿದೆ ಎಂದುಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಅಂಕಿ ವಿಚಿತ್ರ ಕಂಡರೆ ಒಂದು ಸ್ಲೈಡ್ ಎಳೆಯಿರಿ. ಅಷ್ಟೇ ನನ್ನ ಬುದ್ಧಿವಾದ.

ಗಿರಿಜಾಗೆ ಮೊದಲು ಸೋಂಕು ತಡೆಯುವ ಸೂಜಿಗಳನ್ನು ಹಾಕಿದರು, ಆಮೇಲೆ ಆಪರೇಷನ್ ಆಯಿತು. ಕಣಗಳು ದುಂಡಗೇ ಉಳಿದವು, ಪ್ರೋಟೀನಿನ ಬಲೆಯನ್ನು ಯಾರೂ ಹೊಲಿಯಲಾರರು. ಆದರೆ ಅವುಗಳನ್ನು ಹಿಡಿದು ಒಡೆಯುವ ಜಾಗ ಇಲ್ಲವಾಯಿತು. ನಾಲ್ಕು ತಿಂಗಳ ಮೇಲೆ ಅಪ್ಪ ಮಗಳು ಉಮರ್ಗಾದ ಲ್ಯಾಬಿಗೆ ನಡೆದುಕೊಂಡೇ ಬಂದರು. ಬಸ್ ನಿಲ್ದಾಣದಿಂದ ನಮ್ಮ ದವಾಖಾನೆಗೆ ಸಣ್ಣ ಏರು ದಾರಿ. ಹುಡುಗಿಗೆ ಉಬ್ಬಸವಿರಲಿಲ್ಲ. ಕಣ್ಣು ಬೆಳ್ಳಗಾಗಿದ್ದವು. ಚನ್ನಬಸಯ್ಯನವರು ಸೋಮವಾರದ ಔಷಧ ಬಿಟ್ಟಿರಲಿಲ್ಲ, ಆದರೆ ಬಂದವರಿಗೆ ಮೊದಲು ರಕ್ತ ತೋರಿಸಿ ಬನ್ನಿ ಎನ್ನತೊಡಗಿದ್ದರು. ಅದಕ್ಕೆ ಅರ್ಧ ಜನ ಬರುವುದನ್ನು ನಿಲ್ಲಿಸಿದ್ದರಂತೆ.

ರಕ್ತ ತೆಗೆದಾದ ಮೇಲೆ ಚನ್ನಬಸಯ್ಯನವರು ಎದ್ದು ನಿಂತು ನನಗೆ ಕೈ ಮುಗಿದರು, ಬಗ್ಗಿದರು. ಊರೆಲ್ಲ ಯಾರ ಕಾಲಿಗೆ ಬೀಳುತ್ತದೋ ಆ ಅಯ್ಯನವರು. ನನಗೆ ತಡೆಯಲಾಗಲಿಲ್ಲ. ಅವರ ಕೈ ಹಿಡಿದು ನಿಲ್ಲಿಸಿ ಎಲ್ಲ ಹೇಳಿದೆ. ಮೂರು ವರ್ಷದ ಹಿಂದೆ ದುಂಡು ಕಣ ಕಂಡಿದ್ದೆ, ನನ್ನ ಕೈಯ ದೋಷ ಎಂದುಕೊಂಡು ನಾರ್ಮಲ್ ಎಂದು ಬರೆದೆ, ನೀವು ಕಟ್ಟಳೆ ಮುರಿದು ಬಂದ ದಿನ ನಾನು ನಿಮ್ಮನ್ನು ಬರಿಗೈಯಲ್ಲಿ ಕಳಿಸಿದೆ, ನನ್ನನ್ನು ಮಾಫ್ ಮಾಡಿ ಎಂದೆ.

"ಆ ಕಾಗದ ಓದಿಸಿಕೊಂಡ ದಿನ ನನಗ ಖುಷಿ ಆಗಿತ್ತು," ಎಂದರು ಅವರು. "ಬ್ಯಾನಿ ಇಲ್ಲ, ಗುರುತೇ ಖರೆ ಅಂತ. ನನಗ ಬೇಕಾದದ್ದೇ ನೀವು ಬರದಿದ್ರಿ. ತಪ್ಪು ನಿಮ್ಮೊಬ್ಬರದೇ ಅಲ್ಲ. ಹೋಗ್ಲಿ ಬಿಡ್ರಿ, ಮುಗೀತು."

ನನ್ನ ಎದೆಯ ಭಾರ ಇಳಿಯಿತು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ, ಅವರೂ ವಸ್ತ್ರದಿಂದ ಮುಖ ಒರೆಸಿಕೊಂಡರು.

"ಯಪ್ಪಾ," ಎಂದಳು ಗಿರಿಜಾ. ಹತ್ತಿ ಒತ್ತಿಹಿಡಿದ ಕೈಯನ್ನು ಹಾಗೇ ಮಡಚಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. "ಆ ಕಾಗದದ ಮ್ಯಾಲ ಯಾರ ಹೆಸರಿತ್ತು?"

ಇಬ್ಬರೂ ಅವಳ ಕಡೆ ತಿರುಗಿದೆವು.

"ಮೂರು ವರ್ಷ ಸಾಲಿ ಬಿಟ್ಟು ಕಟ್ಟೀ ಮ್ಯಾಲ ಕುಂತಾಕಿ ನಾ," ಎಂದಳು. ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದ್ದನ್ನು ತಿದ್ದುವವರ ಹಾಗೆ ಹೇಳಿದಳು. "ಅವರು ಮಾಫಿ ನಿನ್ನ ಕೇಳ್ತಾರ, ನೀ ಕೊಟ್ಟೂ ಬಿಡ್ತಿ."

ಚನ್ನಬಸಯ್ಯನವರು ತಲೆ ತಗ್ಗಿಸಿದರು. ನಾನು ಸ್ಟೂಲಿನ ಮುಂದೆ ನೆಲದ ಮೇಲೆ ಕೂತೆ, ಅವಳ ಮುಖಕ್ಕೆ ನನ್ನ ಮುಖ ಸರಿಯಾಗುವ ಹಾಗೆ. ಹದಿನಾಲ್ಕು ವರ್ಷದ ಹುಡುಗಿ. "ನಂದು ತಪ್ಪಾಗ್ಯದ, ಗಿರಿಜಾ. ನಿನ್ನ ರಕ್ತ ಖರೆ ಹೇಳಿತ್ತು, ನಾ ಸುಳ್ಳು ಬರದೆ. ನನ್ನ ಮಾಫ್ ಮಾಡ್ತೀಯೇನವ್ವಾ?"

ಅವಳು ನನ್ನನ್ನು ನೇರವಾಗಿ ನೋಡಿದಳು.

"ವಿಚಾರ ಮಾಡಿ ಹೇಳ್ತೀನ್ರಿ," ಎಂದಳು.

ಮತ್ತೆ ಶಾಲೆಗೆ ಸೇರಿದಳು, ತನಗಿಂತ ಚಿಕ್ಕವರ ಜೊತೆ ಕೂತು. ಆಮೇಲೆ ನಾನು ನಿಲಂಗಾಕ್ಕೆ ಹೋದರೂ ವರ್ಷಕ್ಕೊಮ್ಮೆ ಅಲ್ಲಿಗೇ ಬಂದು ರಕ್ತ ಕೊಡುತ್ತಿದ್ದಳು, ಬೇರೆ ಯಾರಿಗೂ ಕೈ ನೀಡುತ್ತಿರಲಿಲ್ಲ. ಮದುವೆಗೆ ಕರೆದಳು, ಹೋಗಿ ಉಂಡು ಬಂದೆ. ಮಗಳು ಹುಟ್ಟಿದಾಗ ಆ ಕೂಸಿನ ಮೊದಲ ಸ್ಲೈಡನ್ನು ನನ್ನಿಂದಲೇ ಎಳೆಸಿದಳು, ನಾನು ಕಂಡದ್ದನ್ನು ಕಂಡ ಹಾಗೇ ಬರೆದೆ. ನಾವಿಬ್ಬರೂ ಎಲ್ಲ ಮಾತಾಡುತ್ತೇವೆ: ಮನೆ, ಗಂಡಂದಿರು, ಜೋಳದ ಧಾರಣೆ. ನಾನು ಕೇಳಿದ ಆ ಒಂದು ಮಾತಿಗೆ ಉತ್ತರ ಇನ್ನೂ ಬಂದಿಲ್ಲ. ನಾನು ಎರಡನೆಯ ಸಲ ಕೇಳಿಲ್ಲ, ಅವಸರ ಮಾಡುವ ಹಕ್ಕು ನನಗಿಲ್ಲ.